ಫಂಗಸ್ ಬಂದಿದೆ ಅಂದರೆ ಯಾವ ಇಮ್ಯೂನಿಟಿ ಕೈಕೊಟ್ಟಿದೆ?

ಸತ್ತ ನೊಣವೊಂದರ ಫೋಟೋ ಇದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದದ್ದು. ಫಂಗಸ್‌ನ ಎಳೆಗಳು ನೊಣದ ಮೈಯೊಳಗಿಂದ ಸೀಳಿಕೊಂಡು ಹೊರಬಂದು ತುಪ್ಪಳದ ಹಾಗೆ ಹರಡಿವೆ. 1996ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಬ್ರೂನೊ ಲೆಮೆತ್ರ್, ಜೂಲ್ಸ್ ಹಾಫ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಚಿತ್ರ ಅದು. ಹಣ್ಣಿನ ಮೇಲೆ ಹಾರಾಡುವ ಪುಟ್ಟ ನೊಣ, ಹೆಸರು ಡ್ರೊಸೊಫಿಲಾ. ಅದರ ‘ಟೋಲ್’ ಅನ್ನೋ ಜೀನ್ ಕೆಟ್ಟಿತ್ತು. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಫಂಗಸ್ ತಗುಲಿಸಿದರು. ಕೆಲವೇ ದಿನಗಳಲ್ಲಿ ನೊಣಗಳು ಸತ್ತವು.

ಈ ಕೆಲಸಕ್ಕೆ 2011ರಲ್ಲಿ ಹಾಫ್‌ಮನ್ ಅವರಿಗೆ ನೊಬೆಲ್‌ನಲ್ಲಿ ಪಾಲು ಬಂತು. ಫೋಟೋ ಬಹಳ ಹೆಸರು ಮಾಡಿತು. ನನಗೆ ಮಾತ್ರ ಆ ಪ್ರಯೋಗದ ಇನ್ನರ್ಧವೇ ಜಾಸ್ತಿ ಇಷ್ಟ. ಟೋಲ್ ಕೆಟ್ಟ ಅದೇ ನೊಣಗಳಿಗೆ ಇ. ಕೋಲಿ ಬ್ಯಾಕ್ಟೀರಿಯಾ ಚುಚ್ಚಿದಾಗ ಅವು ಚೆನ್ನಾಗಿಯೇ ತಡೆದುಕೊಂಡವು. ‘ಐಎಂಡಿ’ ಎಂಬ ಬೇರೆ ಜೀನ್ ಕೆಟ್ಟ ನೊಣಗಳದ್ದು ಪೂರಾ ಉಲ್ಟಾ. ಬ್ಯಾಕ್ಟೀರಿಯಾ ಬಂದರೆ ಸತ್ತವು, ಫಂಗಸ್ ಬಂದರೆ ಜಗ್ಗಲಿಲ್ಲ.

ಈಗ ಹೇಳಿ, ಇವೆರಡರಲ್ಲಿ ಯಾವ ನೊಣಕ್ಕೆ ಇಮ್ಯೂನಿಟಿ ಕಮ್ಮಿ ಇತ್ತು?

“ಇಮ್ಯೂನಿಟಿ ಕಮ್ಮಿ ಆಗಿದೆ, ಅದಕ್ಕೇ ಫಂಗಸ್ ಬಂದಿದೆ” ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಇಮ್ಯೂನಿಟಿ ಏನು ಮೊಬೈಲ್ ಬ್ಯಾಟರಿಯಾ, ಶೇ ಇಷ್ಟು ಉಳಿದಿದೆ ಅಂತ ನೋಡೋಕೆ? ಅದರಲ್ಲಿ ಹತ್ತಾರು ಕೊಂಡಿಗಳಿವೆ. ಒಂದೊಂದು ಫಂಗಸ್ ಒಂದೊಂದು ಕೊಂಡಿ ಕಳಚುವುದನ್ನೇ ಕಾಯುತ್ತಿರುತ್ತದೆ. ಯಾವ ಫಂಗಸ್, ಮೈಯ ಯಾವ ಜಾಗದಲ್ಲಿ ಅಂತ ಗೊತ್ತಾದರೆ ಯಾವ ಕೊಂಡಿ ಕಳಚಿದೆ ಅಂತ ಅನುಭವಿ ವೈದ್ಯರು ಸುಮಾರಾಗಿ ಊಹಿಸಬಲ್ಲರು. ಎಷ್ಟೋ ಸಲ ಕೊಂಡಿ ಕಳಚಿರುವುದೇ ಇಲ್ಲ, ಅತಿಯಾಗಿ ಬಿಗಿದಿರುತ್ತದೆ. ಆಗ ಕಾಯಿಲೆ ಮಾಡುತ್ತಿರುವುದು ಫಂಗಸ್‌ಗಿಂತ ಹೆಚ್ಚಾಗಿ ನಮ್ಮದೇ ರಕ್ಷಣೆ.

ಇದು ಸುಮ್ನೆ ಪುಸ್ತಕದ ಚರ್ಚೆಯಲ್ಲ. ದೇಹದೊಳಗೆ ಇಳಿಯುವ ಫಂಗಸ್ ಸೋಂಕು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 65 ಲಕ್ಷ ಜನಕ್ಕೆ ತಗಲುತ್ತದೆ, ನೇರವಾಗಿ ಅದರಿಂದಲೇ 25 ಲಕ್ಷದಷ್ಟು ಸಾವು ಆಗುತ್ತವೆ ಎಂಬ ಅಂದಾಜು 2024ರಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿತು. ಅದರಲ್ಲಿ 19 ಹೆಸರುಗಳಿವೆ. ಮೊದಲ ಸಾಲಿನಲ್ಲಿ ನಾಲ್ಕು: ಕ್ರಿಪ್ಟೋಕಾಕಸ್ ನಿಯೋಫಾರ್ಮಾನ್ಸ್, ಕ್ಯಾಂಡಿಡಾ ಆರಿಸ್, ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಕ್ಯಾಂಡಿಡಾ ಆಲ್ಬಿಕನ್ಸ್. ಇವುಗಳಿಗೆ ದಾರಿ ಮಾಡಿಕೊಟ್ಟಿರುವುದರಲ್ಲಿ ನಮ್ಮ ವೈದ್ಯಕೀಯದ ಗೆಲುವಿನ ಪಾಲೂ ಇದೆ. ಕ್ಯಾನ್ಸರ್‌ಗೆ ಕೀಮೋ, ಅಂಗ ಕಸಿ, ತಿಂಗಳುಗಟ್ಟಲೆ ಸ್ಟೆರಾಯ್ಡ್, ಸೋರಿಯಾಸಿಸ್‌ಗೆ ಹೊಸ ಇಂಜೆಕ್ಷನ್. ಹಿಂದೆ ಬದುಕದೇ ಇರುತ್ತಿದ್ದವರು ಇವತ್ತು ಬದುಕಿದ್ದಾರೆ. ಆದರೆ ಒಂದೊಂದು ಚಿಕಿತ್ಸೆಯೂ ಯಾವುದೋ ಒಂದು ಕೊಂಡಿಯನ್ನು ಸಡಿಲ ಮಾಡಿಯೇ ಕೆಲಸ ಮಾಡುತ್ತದೆ.

ಮೊದಲ ತಡೆ ಮೈಬಿಸಿ

ಫಂಗಸ್‌ಗಳಲ್ಲಿ ಹೆಸರಿಟ್ಟಿರುವ ಪ್ರಭೇದಗಳೇ ಒಂದೂವರೆ ಲಕ್ಷದಷ್ಟಿವೆ. ಹೆಸರಿಡದವು ಇನ್ನೂ ಎಷ್ಟೋ ಪಟ್ಟು. ಮನುಷ್ಯರಿಗೆ ಕಾಯಿಲೆ ತರುವುದು ಮಾತ್ರ ಕೆಲವು ನೂರು. ಇದಕ್ಕೆ ಬಿಳಿ ರಕ್ತಕಣಕ್ಕಿಂತ ಮೊದಲು ನೆನೆಯಬೇಕಾದದ್ದು ನಮ್ಮ ಮೈಬಿಸಿಯನ್ನು. ಹೆಚ್ಚಿನ ಫಂಗಸ್‌ಗಳಿಗೆ 12ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತ. ವಿನ್ಸೆಂಟ್ ರಾಬರ್ಟ್ ಮತ್ತು ಆರ್ಟುರೊ ಕ್ಯಾಸಾಡೆವಾಲ್ 2009ರಲ್ಲಿ ಸಾವಿರಾರು ತಳಿಗಳ ಲೆಕ್ಕ ಹಾಕಿದರು. 30 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಸುಮಾರು ಶೇ 6ರಷ್ಟು ತಳಿಗಳು ಬೆಳೆಯಲಾರದೆ ಹಿಂದೆ ಬೀಳುತ್ತವೆ. 37ಕ್ಕೆ ಬರುವ ಹೊತ್ತಿಗೆ ಗುಂಪು ಎಷ್ಟೋ ಕರಗಿರುತ್ತದೆ.

ಬಿಸಿ ಆರಿದರೆ ಏನಾಗುತ್ತದೆ ಅಂತ ಬಾವಲಿಗಳು ತೋರಿಸಿವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಗುಹೆಯಲ್ಲಿ 2006ರಲ್ಲಿ ಮೂತಿಯ ಮೇಲೆ ಬಿಳಿ ಬೂಸ್ಟು ಕಟ್ಟಿದ ಬಾವಲಿಗಳು ಕಂಡವು. ಅಲ್ಲಿಂದಾಚೆ ಲಕ್ಷಲಕ್ಷ ಬಾವಲಿಗಳು ಸತ್ತಿವೆ. ಆ ಫಂಗಸ್ ತಂಪು ಇಷ್ಟಪಡುತ್ತದೆ, 20 ಡಿಗ್ರಿಯ ಆಚೆ ಬೆಳೆಯುವುದಿಲ್ಲ. ಎಚ್ಚರವಿರುವ ಬಾವಲಿಗೆ ಅದು ಏನೂ ಮಾಡಲಾರದು. ಆದರೆ ಚಳಿಗಾಲದ ದೀರ್ಘ ನಿದ್ದೆಯಲ್ಲಿ ಬಾವಲಿಯ ಮೈ ಗುಹೆಯಷ್ಟೇ ತಣ್ಣಗಾಗುತ್ತದೆ. ರಕ್ಷಣೆಯ ಕೆಲಸವೂ ಹೆಚ್ಚುಕಡಿಮೆ ನಿಂತಿರುತ್ತದೆ. ಫಂಗಸ್‌ಗೆ ಅಷ್ಟು ಸಾಕು. ಈ ಬಾವಲಿಗಳ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಮುಂದೆ ಮತ್ತೆ ಬರುತ್ತವೆ.

ಮುಖ ಮುಚ್ಚಿಕೊಂಡು ಬರುವ ಬೀಜಕಣ

ಫಂಗಸ್‌ನ ಜೀವಕೋಶ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಜೀವಕೋಶಕ್ಕೇ ಹತ್ತಿರದ ನೆಂಟ. ಅದನ್ನು ಕೊಂದು ನಮ್ಮನ್ನು ಉಳಿಸುವ ಔಷಧಿ ಹುಡುಕುವುದು ಕಷ್ಟವಾಗಿರುವುದು ಇದಕ್ಕೇ. ನಮ್ಮಲ್ಲಿಲ್ಲದ್ದು ಅದಕ್ಕೊಂದಿದೆ, ಕೋಶದ ಹೊರಗೋಡೆ. ಒಳಗಡೆ ಕೈಟಿನ್, ಅದಕ್ಕೆ ಹೆಣೆದುಕೊಂಡು ಬೀಟಾ-ಗ್ಲುಕಾನ್ ಎಂಬ ಸಕ್ಕರೆಯ ಸರಪಳಿ, ಅದರ ಮೇಲೆ ಬೇರೆ ಬೇರೆ ಹೊದಿಕೆ. ನಮ್ಮ ಬಿಳಿ ರಕ್ತಕಣಗಳು ಕಾಯುವುದು ಈ ಬೀಟಾ-ಗ್ಲುಕಾನ್‌ಗಾಗಿ. ಅದನ್ನು ಹಿಡಿಯಲೆಂದೇ ಅವುಗಳ ಮೈಮೇಲೆ ಡೆಕ್ಟಿನ್-1 ಎಂಬ ಗ್ರಾಹಕ ಇದೆ. ಗಾರ್ಡನ್ ಬ್ರೌನ್ ಮತ್ತು ಸಿಯಾಮನ್ ಗಾರ್ಡನ್ 2001ರಲ್ಲಿ ಇದನ್ನು ಗುರುತಿಸಿದರು.

ಹಾಗಾಗಿ ಬೀಟಾ-ಗ್ಲುಕಾನ್ ಮರೆಮಾಡುವುದೇ ಫಂಗಸ್‌ಗಳ ಅರ್ಧ ಆಟ. ಕ್ಯಾಂಡಿಡಾ ಅದರ ಮೇಲೆ ಮ್ಯಾನನ್ ಎಂಬ ಬೇರೆ ಸಕ್ಕರೆಯ ಸರಪಳಿ ಹೊದಿಸುತ್ತದೆ. ಹಿಸ್ಟೋಪ್ಲಾಸ್ಮಾ ಎಂಬ ಇನ್ನೊಂದು ಫಂಗಸ್ ಅದಕ್ಕೆ ಆಲ್ಫಾ-ಗ್ಲುಕಾನ್ ಬಳಸುತ್ತದೆ. ಕ್ರಿಪ್ಟೋಕಾಕಸ್ ಇಡೀ ಮೈಗೆ ದಪ್ಪನೆಯ ಲೋಳೆಯ ಕವಚ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ನಾಜೂಕಿನದು ಆಸ್ಪರ್ಜಿಲಸ್‌ದು.

ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಸ್ಪರ್ಜಿಲಸ್ ಫ್ಯೂಮಿಗೇಟಸ್‌ನ ಬೀಜಕಣ 2ರಿಂದ 3 ಮೈಕ್ರಾನ್ ಅಗಲ. ಗಾಳಿಯಲ್ಲಿ ಎಲ್ಲೆಲ್ಲೂ ಇದೆ. ದಿನಕ್ಕೆ ನೂರಾರು ಕಣ ನಮ್ಮ ಉಸಿರಿನ ಜೊತೆ ಒಳಗೆ ಹೋಗುತ್ತವೆ. ಇಷ್ಟು ಚಿಕ್ಕದಾದ್ದರಿಂದ ಶ್ವಾಸಕೋಶದ ತೀರಾ ಒಳಗಿನ ಗಾಳಿಗೂಡುಗಳವರೆಗೂ ತಲುಪುತ್ತವೆ. ಪ್ರತಿ ಸಲವೂ ರಕ್ಷಣೆ ಪೂರ್ತಿ ಎದ್ದು ಕೂತರೆ ಉರಿಯೂತದಲ್ಲೇ ನಾವು ಮುಗಿದುಹೋಗುತ್ತಿದ್ದೆವು. ಹಾಗಾಗುವುದಿಲ್ಲ, ಏಕೆಂದರೆ ಒಣ ಬೀಜಕಣದ ಮೇಲೆ ನೀರು ಅಂಟದ ಒಂದು ಪ್ರೊಟೀನ್ ಪದರವಿದೆ. ಅದು ಇರುವಷ್ಟು ಹೊತ್ತು ರಕ್ಷಣಾ ಕೋಶಗಳ ಲೆಕ್ಕಕ್ಕೆ ಬೀಜಕಣ ಬರೀ ಧೂಳು. 2009ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಪದರ ತೆಗೆದ ಬೀಜಕಣಗಳನ್ನು ಕೊಟ್ಟಾಗ ಅದೇ ಕೋಶಗಳು ತಕ್ಷಣ ಕೆರಳಿದವು.

ಇನ್ನು ಗಾಳಿಗೂಡಿನ ಬೆಚ್ಚನೆಯ ತೇವದಲ್ಲಿ ಕೂತ ಬೀಜಕಣ ನೀರು ಹೀರಿ ಉಬ್ಬುತ್ತದೆ. ಮೊಳಕೆ ಒಡೆಯಬೇಕಾದರೆ ಉಬ್ಬಲೇಬೇಕು. ಉಬ್ಬಿದರೆ ಪದರ ಕಳಚುತ್ತದೆ. ಕಳಚಿದರೆ ಬೀಟಾ-ಗ್ಲುಕಾನ್ ಹೊರಗೆ ಕಾಣುತ್ತದೆ. ಈಗ ಡೆಕ್ಟಿನ್-1 ಹಿಡಿಯುತ್ತದೆ. ಅಂದರೆ ನಮ್ಮ ರಕ್ಷಣೆ ಬಂದವರನ್ನೆಲ್ಲ ಹೊಡೆಯುವುದಿಲ್ಲ, ಬೇರು ಬಿಡಲು ಹೊರಟವರನ್ನು ಹೊಡೆಯುತ್ತದೆ. ನನಗಂತೂ ಈ ಇಡೀ ವಿಷಯದಲ್ಲಿ ಇದಕ್ಕಿಂತ ಚೆಂದದ ಏರ್ಪಾಡು ಕಂಡಿಲ್ಲ.

ಗಾಳಿಗೂಡಿನಲ್ಲೇ ವಾಸವಿರುವ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶ ಬೀಜಕಣವನ್ನು ನುಂಗುತ್ತದೆ. ಅದರ ಕೈಗೆ ಸಿಗದೆ ಮೊಳಕೆಯೊಡೆದವು ಉದ್ದನೆಯ ಎಳೆಯಾಗುತ್ತವೆ. ಎಳೆ ನುಂಗುವ ಗಾತ್ರದ್ದಲ್ಲ. ಆಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬರಬೇಕು. ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು 10 ಸಾವಿರ ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಇವು ಎಳೆಗೆ ಅಂಟಿಕೊಂಡು ತೀಕ್ಷ್ಣವಾದ ಆಮ್ಲಜನಕದ ರಾಸಾಯನಿಕಗಳನ್ನು ಸುರಿಯುತ್ತವೆ. ನುಂಗಲಾಗದಷ್ಟು ದೊಡ್ಡದು ಸಿಕ್ಕರೆ ತಮ್ಮದೇ ಡಿಎನ್‌ಎಯನ್ನು ಹೊರಗೆ ಚೆಲ್ಲಿ ಬಲೆ ಹಾಕುತ್ತವೆ. ಬಲೆ ಹಾಕಿದ ನ್ಯೂಟ್ರೋಫಿಲ್ ಸಾಮಾನ್ಯವಾಗಿ ತಾನೂ ಸಾಯುತ್ತದೆ. ಈ ಬಲೆಯ ವಿಷಯ ಗೊತ್ತಾದದ್ದು 2004ರಲ್ಲಿ.

ಈಗ ಕೊಂಡಿ ಎಲ್ಲಿ ಕಳಚಬಹುದು ಅಂತ ಕಾಣುತ್ತದೆ. ಕೀಮೋ ಆದವರಲ್ಲಿ ನ್ಯೂಟ್ರೋಫಿಲ್ ಸಂಖ್ಯೆ ಒಂದು ಮೈಕ್ರೊಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗೆ ಬಿದ್ದು ಹಲವು ದಿನ ಅಲ್ಲೇ ನಿಂತರೆ ಆಸ್ಪರ್ಜಿಲಸ್ ಶ್ವಾಸಕೋಶದ ರಕ್ತನಾಳಗಳಿಗೆ ನುಗ್ಗುತ್ತದೆ. ಇನ್ನು ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ದೋಷ ಇರುತ್ತದೆ. ನ್ಯೂಟ್ರೋಫಿಲ್‌ಗಳು ಬೇಕಾದಷ್ಟಿವೆ, ಆದರೆ ಆ ಆಮ್ಲಜನಕದ ರಾಸಾಯನಿಕ ತಯಾರಿಸುವ ಕಿಣ್ವ ಕೆಟ್ಟಿದೆ. ಇವರನ್ನು ಕಾಡುವುದರಲ್ಲೂ ಆಸ್ಪರ್ಜಿಲಸ್‌ದೇ ಮೇಲುಗೈ. ಸಂಖ್ಯೆ ಎಣಿಸಿದರೆ ಇವರ ರಕ್ತಪರೀಕ್ಷೆ ಸರಿಯಾಗಿಯೇ ಇರುತ್ತದೆ ಅನ್ನೋದನ್ನು ಗಮನಿಸಿ. ಅದೇ ಎಚ್‌ಐವಿ ಇರುವವರಲ್ಲಿ ಆಸ್ಪರ್ಜಿಲಸ್ ಅಷ್ಟಾಗಿ ಕಾಣುವುದಿಲ್ಲ. ಅವರಲ್ಲಿ ಕಳಚಿರುವ ಕೊಂಡಿ ಬೇರೆ.

ಒಂದೇ ಫಂಗಸ್, ಎರಡು ಬಾಗಿಲು

ಕ್ಯಾಂಡಿಡಾ ಆಲ್ಬಿಕನ್ಸ್ ಹೊರಗಿನದ್ದಲ್ಲ. ಆರೋಗ್ಯವಂತರಲ್ಲೂ ಸುಮಾರು ಅರ್ಧದಷ್ಟು ಜನರ ಬಾಯಿ ಅಥವಾ ಕರುಳಿನಲ್ಲಿ ಅದು ಸದ್ದಿಲ್ಲದೆ ಇರುತ್ತದೆ. ದುಂಡನೆಯ ಯೀಸ್ಟ್ ರೂಪದಲ್ಲಿದ್ದಾಗ ಸಾಧು. ಉದ್ದನೆಯ ಎಳೆಯಾಗಿ ಬೆಳೆಯತೊಡಗಿದರೆ ವರಸೆಯೇ ಬೇರೆ. ಎಳೆಯಿಂದ ಕ್ಯಾಂಡಿಡಾಲೈಸಿನ್ ಎಂಬ ವಿಷ ಹೊರಡುತ್ತದೆ. 31 ಅಮೈನೊ ಆಮ್ಲಗಳ ಒಂದು ಪುಟ್ಟ ತುಣುಕು, ನಮ್ಮ ಒಳಪೊರೆಯ ಕೋಶಗಳಲ್ಲಿ ತೂತು ಮಾಡುತ್ತದೆ. ಮನುಷ್ಯರಿಗೆ ಕಾಯಿಲೆ ತರುವ ಫಂಗಸ್ ಒಂದರಲ್ಲಿ ಇಂಥ ವಿಷ ಸಿಕ್ಕಿದ್ದು ಇದೇ ಮೊದಲು, 2016ರಲ್ಲಿ. ಇಲ್ಲೊಂದು ತಮಾಷೆ ಇದೆ. ಅದೇ ತೂತಿನಿಂದಲೇ ನಮ್ಮ ಒಳಪೊರೆಗೆ ‘ಇದು ಸಾಧುವಲ್ಲ’ ಅಂತ ಗೊತ್ತಾಗಿ ನ್ಯೂಟ್ರೋಫಿಲ್‌ಗಳಿಗೆ ಕರೆ ಹೋಗುತ್ತದೆ. ಆಯುಧವೇ ಕಳ್ಳನನ್ನು ಹಿಡಿದುಕೊಡುತ್ತದೆ.

ಬಾಯಿ, ಚರ್ಮ, ಉಗುರುಗಳಲ್ಲಿ ಕ್ಯಾಂಡಿಡಾವನ್ನು ಅಂಕೆಯಲ್ಲಿಡುವುದು ಮುಖ್ಯವಾಗಿ ಐಎಲ್-17 ಎಂಬ ಸಂದೇಶದ ಪ್ರೊಟೀನ್. ಅದನ್ನು ಕಳಿಸುವುದು ಟಿ ಕೋಶ ಎಂಬ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು. ಐಎಲ್-17ರ ದಾರಿಯಲ್ಲಿ ಹುಟ್ಟು ದೋಷ ಇದ್ದವರಿಗೆ ಬಾಯಿಹುಣ್ಣು, ಉಗುರಿನ ಸೋಂಕು ಜೀವನಪೂರ್ತಿ ಬಿಡುವುದಿಲ್ಲ ಅನ್ನೋದು 2011ರಲ್ಲಿ ಸ್ಪಷ್ಟವಾಯಿತು. ಸೋರಿಯಾಸಿಸ್‌ಗೆ ಐಎಲ್-17 ತಡೆಯುವ ಇಂಜೆಕ್ಷನ್ ತೆಗೆದುಕೊಳ್ಳುವ ಕೆಲವರಿಗೂ ಬಾಯಲ್ಲಿ ಬಿಳಿ ಪದರ ಕಟ್ಟುವುದುಂಟು. ಆದರೆ ಇವರ ರಕ್ತಕ್ಕೆ ಕ್ಯಾಂಡಿಡಾ ಇಳಿಯುವುದು ತೀರಾ ಅಪರೂಪ. ರಕ್ತವನ್ನು ಕಾಯುವುದು ನ್ಯೂಟ್ರೋಫಿಲ್‌ಗಳು, ಮತ್ತು ಕರುಳಿನ ಗೋಡೆ. ಐಸಿಯುನಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ, ರಕ್ತನಾಳಕ್ಕೆ ದಿನಗಟ್ಟಲೆ ನಳಿಕೆ ಹಾಕಿಸಿಕೊಂಡು, ಮೇಲಿಂದ ಮೇಲೆ ಆ್ಯಂಟಿಬಯೋಟಿಕ್ ಪಡೆದವರ ರಕ್ತದಲ್ಲಿ ಕ್ಯಾಂಡಿಡಾ ಸಿಗುತ್ತದೆ. ಅವರ ಬಾಯಿ ಚೊಕ್ಕಟವಾಗಿಯೇ ಇರಬಹುದು.

ಅದೇ ಕುಟುಂಬದ ಕ್ಯಾಂಡಿಡಾ ಆರಿಸ್ ಹೊಸ ತಲೆನೋವು. 2009ರಲ್ಲಿ ಜಪಾನಿನಲ್ಲಿ ಒಬ್ಬ ರೋಗಿಯ ಕಿವಿಯಿಂದ ಮೊದಲು ಗುರುತಿಸಿದರು, ಹೆಸರೂ ಹಾಗೇ ಬಂತು. ಲ್ಯಾಟಿನ್‌ನಲ್ಲಿ ಆರಿಸ್ ಅಂದರೆ ಕಿವಿ. ಕರುಳಿಗಿಂತ ಚರ್ಮದ ಮೇಲೆ ಗಟ್ಟಿಯಾಗಿ ಕೂರುತ್ತದೆ, ಹಲವು ಔಷಧಿಗಳಿಗೆ ಬಗ್ಗುವುದಿಲ್ಲ. ನ್ಯೂಟ್ರೋಫಿಲ್‌ಗಳು ಆಲ್ಬಿಕನ್ಸ್ ಮೇಲೆ ಬಿದ್ದಷ್ಟು ಉತ್ಸಾಹದಿಂದ ಇದರ ಮೇಲೆ ಬೀಳುವುದಿಲ್ಲ ಅಂತ ಪ್ರಯೋಗಾಲಯದಲ್ಲಿ ಕಂಡಿದೆ.

ಕೋಶದೊಳಗೇ ಮನೆ

1981ರ ಜೂನ್ 5ರಂದು ಅಮೆರಿಕದಲ್ಲಿ ಒಂದು ಪುಟ್ಟ ವರದಿ ಬಂತು. ಲಾಸ್ ಏಂಜಲಿಸ್‌ನ ಐವರು ಯುವಕರಿಗೆ ನ್ಯೂಮೋಸಿಸ್ಟಿಸ್ ನ್ಯುಮೋನಿಯಾ. ಐವರಲ್ಲೂ ಕ್ಯಾಂಡಿಡಾ ಸೋಂಕೂ ಇತ್ತು. ಏಡ್ಸ್ ಬಗ್ಗೆ ಬಂದ ಮೊದಲ ವರದಿ ಇದೇ. ವೈರಸ್ ಇನ್ನೂ ಸಿಕ್ಕಿರಲಿಲ್ಲ. ಟಿ ಕೋಶಗಳು ಕುಸಿದಿವೆ ಅನ್ನೋ ಸುಳಿವು ಕೊಟ್ಟದ್ದು ಎರಡು ಫಂಗಸ್‌ಗಳು. ನ್ಯೂಮೋಸಿಸ್ಟಿಸ್ ಫಂಗಸ್ ಅಂತ ಆಗ ಗೊತ್ತೂ ಇರಲಿಲ್ಲ, ಪ್ರೊಟೊಜೋವಾ ಗುಂಪಿನ ಏಕಕೋಶ ಜೀವಿ ಅಂದುಕೊಂಡಿದ್ದರು. 1988ರಲ್ಲಿ ಜೀನ್ ಹೋಲಿಸಿ ನೋಡಿದ ಮೇಲೆ ತಿಳಿಯಿತು.

ಸಿಡಿ4 ಎಂಬ ಟಿ ಕೋಶಗಳ ಸಂಖ್ಯೆ ಒಂದು ಮೈಕ್ರೊಲೀಟರ್ ರಕ್ತಕ್ಕೆ 200ಕ್ಕಿಂತ ಕೆಳಗಿಳಿದರೆ ನ್ಯೂಮೋಸಿಸ್ಟಿಸ್, 100ಕ್ಕಿಂತ ಕೆಳಗಿಳಿದರೆ ಕ್ರಿಪ್ಟೋಕಾಕಸ್ ಮೆದುಳುಪೊರೆ ಉರಿಯೂತ. ವೈದ್ಯರು ಹೀಗೆ ಅಂಕಿ ಇಟ್ಟುಕೊಂಡೇ ಕಾಯುತ್ತಾರೆ. ಕ್ರಿಪ್ಟೋಕಾಕಸ್ ವಿಷಯದಲ್ಲಿ ಟಿ ಕೋಶ ಯಾಕಿಷ್ಟು ಮುಖ್ಯ? ಮ್ಯಾಕ್ರೋಫೇಜ್ ಇದನ್ನು ನುಂಗಬಲ್ಲದು, ಆದರೆ ತಾನಾಗಿಯೇ ಕೊಲ್ಲಲಾರದು. ‘ಈಗ ಕೊಲ್ಲು’ ಅಂತ ಟಿ ಕೋಶದಿಂದ ಸಂದೇಶ ಬರಬೇಕು. ಬರದಿದ್ದರೆ ನುಂಗಿದ ಫಂಗಸ್ ಹೊಟ್ಟೆಯೊಳಗೇ ಮರಿ ಹಾಕುತ್ತದೆ. ಮಣ್ಣಿನಲ್ಲಿ ಅಮೀಬಾಗಳ ಬಾಯಿಗೆ ಸಿಕ್ಕಿ ಸಿಕ್ಕಿ ಇದು ಈ ವಿದ್ಯೆ ಕಲಿತಿರಬೇಕು ಅನ್ನೋದು ಕ್ಯಾಸಾಡೆವಾಲ್ ಅವರ ವಾದ. ಅಮೀಬಾಕ್ಕೂ ಮ್ಯಾಕ್ರೋಫೇಜ್‌ಗೂ ನುಂಗುವ ರೀತಿ ಒಂದೇ ಥರ ತಾನೆ?

2006ರಲ್ಲಿ ಸೂಕ್ಷ್ಮದರ್ಶಕದಲ್ಲಿ ಸೆರೆಸಿಕ್ಕ ದೃಶ್ಯವೊಂದನ್ನು ಹೇಳಲೇಬೇಕು. ಕ್ರಿಪ್ಟೋಕಾಕಸ್ ನುಂಗಿದ ಮ್ಯಾಕ್ರೋಫೇಜ್ ಆರಾಮಾಗಿ ತೆವಳುತ್ತಿರುತ್ತದೆ. ಇದ್ದಕ್ಕಿದ್ದಂತೆ ಒಂದು ಕಡೆಯಿಂದ ಫಂಗಸ್ ಹೊರಗೆ ಬರುತ್ತದೆ, ಉಗುಳಿದ ಹಾಗೆ. ಮ್ಯಾಕ್ರೋಫೇಜ್ ಒಡೆಯುವುದಿಲ್ಲ, ಸಾಯುವುದೂ ಇಲ್ಲ. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಗಲಾಟೆ ಇಲ್ಲ, ಉರಿಯೂತವಿಲ್ಲ. ಹೀಗೆ ಮ್ಯಾಕ್ರೋಫೇಜ್ ಮೇಲೆ ಸವಾರಿ ಮಾಡಿಕೊಂಡೇ ಇದು ಮೆದುಳಿಗೂ ಹೋಗಬಲ್ಲದು.

ಕಬ್ಬಿಣ ಬಿಟ್ಟುಕೊಟ್ಟಾಗ

ಮ್ಯೂಕರ್‌ಮೈಕೋಸಿಸ್‌ನಲ್ಲಿ ಲೆಕ್ಕ ಬೇರೆಯೇ. ಇದಕ್ಕಿಟ್ಟ ‘ಕಪ್ಪು ಶಿಲೀಂಧ್ರ’ ಅನ್ನೋ ಹೆಸರು ನನಗೆ ಹಿಡಿಸಿಲ್ಲ. ಫಂಗಸ್ ಕಪ್ಪಲ್ಲ. ಅದು ರಕ್ತನಾಳ ಕಟ್ಟಿಸುತ್ತದೆ, ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಭಾರತದಲ್ಲಿ ಕೋವಿಡ್‌ನ ಎರಡನೇ ಅಲೆಯ ಜೊತೆ ಬಂದ ಈ ಕಾಯಿಲೆಯ ಪ್ರಕರಣಗಳು 2021ರ ಜೂನ್ ಕೊನೆಗೆ 40 ಸಾವಿರ ದಾಟಿದ್ದವು.

ಇಲ್ಲಿ ಆಟ ಕಬ್ಬಿಣದ್ದು. ಎಲ್ಲ ಜೀವಿಗಳ ಹಾಗೆ ಫಂಗಸ್‌ಗೂ ಕಬ್ಬಿಣ ಬೇಕು. ನಮ್ಮ ರಕ್ತ ಅದನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೊಟೀನಿಗೆ ಕಟ್ಟಿಹಾಕಿ ಇಡುತ್ತದೆ. ಬಿಡಿಯಾಗಿ ಸಿಗದಂತೆ ನೋಡಿಕೊಳ್ಳುವುದೂ ಒಂದು ರಕ್ಷಣೆಯೇ. ಮಧುಮೇಹ ಹದ್ದುಮೀರಿ ರಕ್ತ ಆಮ್ಲೀಯವಾದಾಗ ಈ ಹಿಡಿತ ಸಡಿಲವಾಗಿ ಕಬ್ಬಿಣ ಬಿಡಿಯಾಗುತ್ತದೆ. ಏರಿದ ಸಕ್ಕರೆ ಮತ್ತು ಕಬ್ಬಿಣ ಎರಡೂ ಸೇರಿ ರಕ್ತನಾಳದ ಒಳಗೋಡೆಯ ಮೇಲೆ ಜಿಆರ್‌ಪಿ78 ಎಂಬ ಪ್ರೊಟೀನನ್ನು ಹೆಚ್ಚಿಸುತ್ತವೆ. ಫಂಗಸ್ ಸರಿಯಾಗಿ ಅದನ್ನೇ ಹಿಡಿದು ಒಳನುಗ್ಗುತ್ತದೆ. ಹಿಂದೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರಿಗೆ ಹೆಚ್ಚಿನ ಲೋಹ ತೆಗೆಯಲು ಡೆಫೆರಾಕ್ಸಮಿನ್ ಔಷಧಿ ಕೊಡುತ್ತಿದ್ದರು. ಕಬ್ಬಿಣ ಹೀರುವ ಔಷಧಿ, ಹಾಗಾಗಿ ಫಂಗಸ್‌ಗೆ ಕಷ್ಟ ಆಗಬೇಕಿತ್ತು ಅಲ್ವಾ? ಆದದ್ದು ಉಲ್ಟಾ. ಔಷಧಿ ಹಿಡಿದುಕೊಂಡ ಕಬ್ಬಿಣವನ್ನು ಫಂಗಸ್ ಅದರ ಕೈಯಿಂದಲೇ ಕಿತ್ತುಕೊಂಡಿತು. ಮ್ಯೂಕರ್‌ಮೈಕೋಸಿಸ್ ಜಾಸ್ತಿಯಾಯಿತು.

ಒಂದೇ ಸ್ಟೆರಾಯ್ಡ್, ಹಲವು ಫಲ

ಇಲ್ಲಿಯವರೆಗೆ ಕಳಚಿದ ಕೊಂಡಿಗಳ ಮಾತು. ಇನ್ನೊಂದು ಬದಿ ನೋಡಲು ಸ್ಟೆರಾಯ್ಡ್‌ಗಿಂತ ಒಳ್ಳೆಯ ಅಳತೆಗೋಲಿಲ್ಲ. ಸ್ಟೆರಾಯ್ಡ್ ಅಂದರೆ ರಕ್ಷಣೆಯನ್ನು ತಗ್ಗಿಸುವ ಔಷಧಿ. ‘ಇಮ್ಯೂನಿಟಿ ಕಮ್ಮಿ ಆದ್ದರಿಂದ ಫಂಗಸ್’ ಅನ್ನೋದೇ ಪೂರ್ತಿ ಸತ್ಯವಾಗಿದ್ದರೆ ಸ್ಟೆರಾಯ್ಡ್ ಎಲ್ಲ ಕಡೆ ಕೆಡುಕೇ ಮಾಡಬೇಕಿತ್ತು.

ಕೋವಿಡ್ ಹೊತ್ತಿನ ಮ್ಯೂಕರ್‌ಮೈಕೋಸಿಸ್‌ನಲ್ಲಿ ಮಾಡಿತು ನಿಜ. ಸಕ್ಕರೆ ಏರಿಸಿತು, ಮ್ಯಾಕ್ರೋಫೇಜ್ ಮತ್ತು ನ್ಯೂಟ್ರೋಫಿಲ್‌ಗಳ ಕೈ ಕಟ್ಟಿತು.

ಆಸ್ಪರ್ಜಿಲಸ್‌ಗೆ ಬನ್ನಿ. ಆಸ್ತಮಾ ಇರುವ ಕೆಲವರ ಶ್ವಾಸನಾಳದ ಕಫದಲ್ಲಿ ಈ ಫಂಗಸ್ ಬೀಡುಬಿಡುತ್ತದೆ. ಅಂಗಾಂಶಕ್ಕೆ ಇಳಿಯುವುದಿಲ್ಲ, ಸುಮ್ನೆ ಕೂತಿರುತ್ತದೆ. ದೇಹಕ್ಕೆ ಅದರಿಂದ ಅಲರ್ಜಿಯಾಗಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯಗಳನ್ನು ವಿಪರೀತ ಸುರಿಸುತ್ತದೆ. ಆ ಉರಿಯೂತದಲ್ಲೇ ಶ್ವಾಸನಾಳ ಹಿಗ್ಗಿ ಹಾಳಾಗುತ್ತದೆ. ಇದಕ್ಕೆ ಮುಖ್ಯ ಚಿಕಿತ್ಸೆಯೇ ಸ್ಟೆರಾಯ್ಡ್. ಕಸಿ ಮಾಡಿಸಿಕೊಂಡವರಿಗೆ ಯಾವ ಔಷಧಿಯಿಂದ ಆಸ್ಪರ್ಜಿಲಸ್ ಬರುತ್ತದೋ ಅದೇ ಔಷಧಿಯಿಂದ ಇವರ ಆಸ್ಪರ್ಜಿಲಸ್ ಕಾಯಿಲೆ ತಗ್ಗುತ್ತದೆ. ಫಂಗಸ್ ಒಂದೇ.

ನ್ಯೂಮೋಸಿಸ್ಟಿಸ್ ನ್ಯುಮೋನಿಯಾದಲ್ಲಿ ಉಸಿರಾಟ ತೀರಾ ಕೆಟ್ಟಿದ್ದರೆ ಆ್ಯಂಟಿಬಯೋಟಿಕ್ ಜೊತೆ ಸ್ಟೆರಾಯ್ಡ್ ಕೊಟ್ಟರೆ ಏಡ್ಸ್ ರೋಗಿಗಳ ಜೀವ ಉಳಿಯುತ್ತದೆ. ಟಿ ಕೋಶಗಳೇ ಇಲ್ಲದವರಿಗೆ ಇರುವ ಅಷ್ಟಿಷ್ಟು ರಕ್ಷಣೆಯನ್ನೂ ತಗ್ಗಿಸಿದಾಗ ಒಳ್ಳೆಯದಾಗುತ್ತದೆ ಅನ್ನೋದು ಮೊದಲು ಕೇಳಿದಾಗ ನಂಬಲಾಗದ ಮಾತು. ಫಂಗಸ್ ಸಾಯುತ್ತಿದ್ದಂತೆ ಅದರ ಚೂರುಗಳಿಗೆ ಏಳುವ ಉರಿಯೂತ ಶ್ವಾಸಕೋಶವನ್ನು ಮುಳುಗಿಸುತ್ತದೆ, ಅದಕ್ಕೇ ಹೀಗೆ. ಅದೇ ತರ್ಕದಿಂದ ಕ್ರಿಪ್ಟೋಕಾಕಸ್ ಮೆದುಳುಪೊರೆ ಉರಿಯೂತದಲ್ಲೂ ಏಷ್ಯಾ ಮತ್ತು ಆಫ್ರಿಕಾದ ಹಲವು ದೇಶಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟು ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಸಾವು ತಗ್ಗಲಿಲ್ಲ, ಅಂಗವೈಕಲ್ಯ ಹೆಚ್ಚಿತು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಕೊನೆಯದು ಎಲ್ಲರೂ ಕಂಡಿರುವ ಹುಳುಕಡ್ಡಿ. ಚರ್ಮದ ಮೇಲಿನ ಸತ್ತ ಪದರವನ್ನು ತಿನ್ನುವ ಫಂಗಸ್ ಇದು. ಕೆಂಪು, ತುರಿಕೆ, ಉಂಗುರದಂಥ ಅಂಚು, ಇವೆಲ್ಲ ಹೆಚ್ಚಾಗಿ ನಮ್ಮ ರಕ್ಷಣೆಯ ಕೆಲಸ. ಅಂಚಿನಲ್ಲಿ ಜಗಳ ನಡೆಯುತ್ತಿರುತ್ತದೆ, ನಡುವೆ ಮುಗಿದು ಚರ್ಮ ತಿಳಿಯಾಗಿರುತ್ತದೆ. ಅದಕ್ಕೇ ಉಂಗುರ. ಸ್ಟೆರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ಮಾಯ, ಕೆಂಪು ಮಾಯ. ‘ಕ್ರೀಮ್ ಒಳ್ಳೆಯದು’ ಅನಿಸುತ್ತದೆ. ಜಗಳ ನಿಂತಿದೆ ಅಷ್ಟೆ, ಫಂಗಸ್ ಹೋಗಿಲ್ಲ. ವಾರಗಳಾದ ಮೇಲೆ ಅದು ಅಂಚೂ ಇಲ್ಲದೆ, ಆಕಾರವೂ ಇಲ್ಲದೆ ಅಗಲಕ್ಕೆ ಹರಡಿರುತ್ತದೆ. ಚರ್ಮವೈದ್ಯರೂ ಒಮ್ಮೆಗೇ ಗುರುತಿಸಲಾಗದ ಹಾಗೆ.

ಕ್ಯಾಸಾಡೆವಾಲ್ ಮತ್ತು ಲೀಸ್-ಆ್ಯನ್ ಪಿರೋಫ್‌ಸ್ಕಿ 1999ರಲ್ಲೇ ಇದನ್ನೊಂದು ಚೌಕಟ್ಟಿಗೆ ತಂದರು. ಕಾಯಿಲೆಯನ್ನು ಅಳೆಯಬೇಕಾದ್ದು ಫಂಗಸ್ ಎಷ್ಟಿದೆ ಅನ್ನೋದರಿಂದಲ್ಲ, ದೇಹಕ್ಕೆ ಆದ ಹಾನಿಯಿಂದ. ಗ್ರಾಫ್ ಬರೆದರೆ ಆ ಹಾನಿ ರಕ್ಷಣೆ ತೀರಾ ಕಡಿಮೆಯಿರುವ ಎಡತುದಿಯಲ್ಲೂ ಏರುತ್ತದೆ, ತೀರಾ ಹೆಚ್ಚಿರುವ ಬಲತುದಿಯಲ್ಲೂ ಏರುತ್ತದೆ. ‘ಇಮ್ಯೂನಿಟಿ ಬೂಸ್ಟರ್’ ಅಂತ ಏನೋ ಒಂದನ್ನು ಮಾರುವವರು ಈ ಗ್ರಾಫಿನ ಎಡ ಅರ್ಧವನ್ನು ಮಾತ್ರ ನೋಡಿರಬೇಕು.

ರಕ್ಷಣೆ ಮರಳಿ ಬರುವ ಹೊತ್ತು

ಬಾವಲಿಗಳಿಗೆ ವಾಪಸ್ ಬರೋಣ. ಚಳಿಗಾಲವನ್ನು ಹೇಗೋ ದಾಟಿದ ಬಾವಲಿ ವಸಂತದಲ್ಲಿ ಎಚ್ಚರಗೊಳ್ಳುತ್ತದೆ. ಮೈ ಬಿಸಿಯಾಗುತ್ತದೆ, ರಕ್ಷಣೆಯೂ ಏಳುತ್ತದೆ. ಎದ್ದು ನೋಡಿದರೆ ರೆಕ್ಕೆ ತುಂಬ ಫಂಗಸ್. ಬಿಳಿ ರಕ್ತಕಣಗಳು ಒಮ್ಮೆಗೇ ನುಗ್ಗುತ್ತವೆ. ಫಂಗಸ್ ಜೊತೆ ರೆಕ್ಕೆಯೂ ಹರಿದುಹೋಗುತ್ತದೆ. ಚಳಿಗಾಲ ಗೆದ್ದ ಕೆಲವು ಬಾವಲಿಗಳು ಹೀಗೆ ಸಾಯುತ್ತವೆ.

ಇದು ಏಡ್ಸ್ ವೈದ್ಯರಿಗೆ ಗೊತ್ತಿರುವ ಕತೆಯೇ. ಎಚ್‌ಐವಿ ಔಷಧಿ ಶುರುಮಾಡಿದರೆ ಟಿ ಕೋಶಗಳು ಮರಳುತ್ತವೆ. ಮರಳಿದವು ಮೆದುಳಿನಲ್ಲಿ ಉಳಿದಿರುವ ಕ್ರಿಪ್ಟೋಕಾಕಸ್ ಮೇಲೆ ಒಮ್ಮೆಲೇ ಎರಗಿದರೆ ರೋಗಿಯ ಸ್ಥಿತಿ ಕೆಡುತ್ತದೆ. ಹಾಗಾದರೆ ಯಾವಾಗ ಶುರುಮಾಡಬೇಕು? ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ನಡೆದ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು. ಒಂದೆರಡು ವಾರದೊಳಗೆ ಎಚ್‌ಐವಿ ಔಷಧಿ ಶುರುಮಾಡಿದವರಲ್ಲಿ ಆರು ತಿಂಗಳೊಳಗೆ ಶೇ 45 ಜನ ತೀರಿಕೊಂಡರು. ಐದು ವಾರ ತಡೆದು ಶುರುಮಾಡಿದವರಲ್ಲಿ ಶೇ 30. ಮೊದಲು ಫಂಗಸ್ ಔಷಧಿಯಿಂದ ಹೊರೆ ಇಳಿಸಿ, ಆಮೇಲೆ ರಕ್ಷಣೆಯನ್ನು ಕರೆಯಿರಿ ಅನ್ನೋದು ಈಗಿನ ಕ್ರಮ. ಇಮ್ಯೂನಿಟಿಯನ್ನು ಬೇಕೆಂದೇ ಕೆಲವು ವಾರ ಕಾಯಿಸುವುದು!

ಫಂಗಸ್ ಔಷಧಿಗಳಾದರೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕ್ಯಾಸ್ಪೊಫಂಗಿನ್ ಎಂಬ ಔಷಧಿ ಬೀಟಾ-ಗ್ಲುಕಾನ್ ಹೆಣೆಯುವುದನ್ನು ತಡೆದು ಗೋಡೆಯನ್ನು ಸಡಿಲಿಸುತ್ತದೆ. ಕೊಲ್ಲುವಷ್ಟು ಪ್ರಮಾಣ ಇಲ್ಲದಿದ್ದರೂ ಕ್ಯಾಂಡಿಡಾದ ಮೇಲ್ಹೊದಿಕೆ ಕದಲಿ ಒಳಗಿನ ಬೀಟಾ-ಗ್ಲುಕಾನ್ ಹೊರಗೆ ಕಾಣುತ್ತದೆ ಅಂತ 2006ರಲ್ಲಿ ತೋರಿಸಿದರು. ಅಂದರೆ ಔಷಧಿ ಮುಸುಕು ಎಳೆಯುತ್ತದೆ, ಹಿಡಿಯಬೇಕಾದವರು ಬೇರೆ. ಫಂಗಸ್ ವಿರುದ್ಧ ಲಸಿಕೆ ಮನುಷ್ಯರಿಗೆ ಒಂದೂ ಬಂದಿಲ್ಲ. ಯಾರಿಗೆ ತೀರಾ ಬೇಕೋ ಅವರಲ್ಲೇ ಲಸಿಕೆಗೆ ಸ್ಪಂದಿಸುವ ಕೋಶಗಳು ಇರುವುದಿಲ್ಲ. ಕೀಮೋಗೆ ಮುಂಚೆಯೇ, ಕಸಿಗೆ ಮುಂಚೆಯೇ ಕೊಡಬೇಕಾಗುತ್ತದೆ.

ರಕ್ಷಣೆ ಮರಳಿ ಬರುವ ಈ ಹೊತ್ತಿನ ಒಂದು ವಿಚಿತ್ರ ರೂಪ ಕೀಮೋ ವಾರ್ಡಿನಲ್ಲಿ ಕಾಣಸಿಗುತ್ತದೆ. ನ್ಯೂಟ್ರೋಫಿಲ್ ಇಲ್ಲದ ರೋಗಿಗೆ ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಅಂತ ಗೊತ್ತಾಗಿ ಔಷಧಿ ಶುರುವಾಗುತ್ತದೆ. ವಾರ ಬಿಟ್ಟು ಸಿಟಿ ಸ್ಕ್ಯಾನ್ ಮಾಡಿದರೆ ಗಂಟು ಚಿಕ್ಕದಾಗಿರುವುದಿಲ್ಲ, ಇನ್ನೂ ದೊಡ್ಡದಾಗಿರುತ್ತದೆ. ಮನೆಯವರು ಹೆದರುತ್ತಾರೆ. ಚಿಕಿತ್ಸೆ ಸರಿಯಾಗಿ ನಡೆಯುತ್ತಿದ್ದರೂ ಮೊದಲ ವಾರ ಹೀಗಾಗುವುದುಂಟು ಅಂತ ಗೊತ್ತಿರುವ ವೈದ್ಯರು ಔಷಧಿ ಬದಲಿಸದೆ ರಕ್ತದ ಎಣಿಕೆ ನೋಡುತ್ತಾ ಕಾಯುತ್ತಾರೆ. ನ್ಯೂಟ್ರೋಫಿಲ್‌ಗಳು ಮರಳಿದಾಗ ರಕ್ತಸ್ರಾವದ ಅಪಾಯವೂ ಇರುತ್ತದೆ, ಆದ್ದರಿಂದ ಆ ದಿನಗಳಲ್ಲಿ ಕಣ್ಣಿಟ್ಟಿರಬೇಕು. ಅದನ್ನೂ ದಾಟಿದರೆ ಮುಂದಿನ ಸ್ಕ್ಯಾನ್‌ನಲ್ಲಿ ಗಂಟಿನ ಒಂದು ಬದಿಗೆ ತೆಳುವಾದ ಚಂದ್ರನಂತೆ ಕಪ್ಪು ಗೆರೆ ಮೂಡುತ್ತದೆ. ಸತ್ತ ಭಾಗ ಗೋಡೆಯಿಂದ ಬಿಟ್ಟುಕೊಂಡು ನಡುವೆ ಗಾಳಿ ತುಂಬಿಕೊಂಡಿರುವ ಜಾಗ ಅದು. ಆ ಗೆರೆ ಕಂಡರೆ ರಕ್ತದ ರಿಪೋರ್ಟ್ ಕೈಗೆ ಬರುವ ಮೊದಲೇ ವೈದ್ಯರು ಅಂದುಕೊಳ್ಳುತ್ತಾರೆ, ನ್ಯೂಟ್ರೋಫಿಲ್‌ಗಳು ಕೆಲಸಕ್ಕೆ ಬಂದಿವೆ.